ಮುಗಿಯದ ಪರದೆ

ಮೆಹರ್ ಬಾನು ಎರಡನೆಯ ಸಲ ಗಂಡನ ಭುಜ ಹಿಡಿದು ಅಲುಗಿಸುತ್ತಿದ್ದಳು. ಬೆಳಗಿನ ಆಜಾನ್ ಮುಗಿದು ಹೊತ್ತಾಗಿತ್ತು. "ಏಳ್ರೀ, ನಮಾಜಿಗೆ ಹೊತ್ತಾಯ್ತು. ಆಮೇಲೆ ಯಾಕೆ ಎಬ್ಬಿಸ್ಲಿಲ್ಲ ಅಂತ ನನ್ನನ್ನೇ ಕೇಳ್ತೀರ" ಎಂದಳು. ಖುರ್ಷಿದ್ ಪಾಷಾರ ಬಲಗೈ ಹೊದಿಕೆಯಿಂದ ಜಾರಿ ಮಂಚದ ಅಂಚಿಗೆ ಬಂದು ನಿಂತಿತು. ಉಗುರಿನ ಸಂದಿನಲ್ಲಿ ಹಿಂದಿನ ದಿನ ಯಾವುದೋ ಶಾಲೆಯ ಗೇಟಿಗೆ ಬಳಿದ ನೀಲಿ ಉಳಿದಿತ್ತು. ಆ ಕೈಯನ್ನು ಎತ್ತಿ ಹೊದಿಕೆಯೊಳಗೆ ಇಡಲು ಹೋದಾಗ ಅದು ತಣ್ಣಗಿರುವುದು ಆಕೆಗೆ ತಿಳಿಯಿತು.

ಆಕೆ ಕೂಗಲಿಲ್ಲ. ಅವರ ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ನಾವು ದೇವರಿಗೆ ಸೇರಿದವರು, ಅವನ ಕಡೆಗೇ ಮರಳುವವರು ಎಂಬ ಮಾತನ್ನು ಮೆಲ್ಲಗೆ ಹೇಳಿದಳು. ಮನೆಯಲ್ಲಿ ಕೇಳುವವರು ಬೇರೆ ಯಾರೂ ಇರಲಿಲ್ಲ. ಗುಬ್ಬಿಯ ರೈಲು ಗೇಟಿನ ಬಳಿಯ ಆ ಮನೆಯಲ್ಲಿ ಮದುವೆಯಾದಂದಿನಿಂದ ಇದ್ದವರು ಇಬ್ಬರೇ. ಮಕ್ಕಳಾಗಿರಲಿಲ್ಲ. ಬೆಳಗಿನ ಗಾಡಿ ಹಾದುಹೋದಾಗ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ಅಲುಗಿದವು. ಆ ಸದ್ದು ನಿಂತ ಮೇಲೆ ಆಕೆ ತಲೆಗೆ ಸೆರಗು ಹೊದ್ದು, ಪಕ್ಕದ ಗಲ್ಲಿಯಲ್ಲಿದ್ದ ಗಂಡನ ಅಣ್ಣನ ಮಗ ತೌಹೀದನನ್ನು ಕರೆಯಲು ಹೊರಟಳು.

ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ಹಂಡೆಯಲ್ಲಿ ಬೋರೆ ಎಲೆ ಹಾಕಿದ ನೀರು ಕಾಯುತ್ತಿತ್ತು. ಮಸೀದಿಯಿಂದ ಮೈ ತೊಳೆಯುವ ಹಲಗೆ ಬಂದಿತ್ತು. ಸುತ್ತ ಕಟ್ಟುವ ಪರದೆ ಬಂದಿರಲಿಲ್ಲ.

"ಅದು ನಿಟ್ಟೂರಿಗೆ ಹೋಗಿದೆ ಸಾಹೇಬ್ರೆ. ನಿನ್ನೆ ಅಲ್ಲೂ ಒಂದು ಮೌತ್ ಆಯ್ತಂತೆ" ಎಂದ ತೌಹೀದ್.

ಊರಿನಲ್ಲಿ ತೀರಿಕೊಂಡವರ ಮೈ ತೊಳೆಸುವವರು ಬಾಸಿತ್ ಸಾಹೇಬರು. ಅವರು ಅಂಗಳದ ಸುತ್ತ ನೋಡಿದರು. ಮಳೆಗಾಲದಲ್ಲಿ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿರಲಿಲ್ಲ. ರಸ್ತೆಯಲ್ಲಿ ಹೋಗುವವರಿಗೆಲ್ಲ ಅಂಗಳ ಕಾಣುತ್ತಿತ್ತು.

"ದುಪ್ಪಟಿ ಕಟ್ಟೋಣ್ವಾ?"

"ಈ ಬಿಸಿಲಿಗೆ ದುಪ್ಪಟಿ ಕಟ್ಟಿದ್ರೆ ಒಳಗಿರೋದೆಲ್ಲ ಕಾಣುತ್ತೆ ಕಣಪ್ಪ. ಸತ್ತೋನಿಗೂ ಮಾನ ಇದೆ."

ತೌಹೀದ್ ಒಳಗೆ ಬಂದು ಅಟ್ಟದ ಕಡೆ ನೋಡಿದ. ಅಲ್ಲಿ ಉದ್ದನೆಯ ಬಿದಿರಿಗೆ ಸುತ್ತಿದ ದಪ್ಪ ಬಟ್ಟೆಯ ಸುರುಳಿಯೊಂದು ವರ್ಷಗಳಿಂದ ಮಲಗಿತ್ತು. "ಚಾಚಿ, ಚಾಚಾ ಅವ್ರ ಸ್ಟುಡಿಯೋ ಪರದೆ ಇದೆಯಲ್ಲ. ಅದನ್ನೇ ಕಟ್ಟಲಾ?"

ಖುರ್ಷಿದ್ ಪಾಷಾ ಬದುಕಿದ್ದು ಆ ಕೆಲಸದಿಂದಲೇ. ಫೋಟೋ ಸ್ಟುಡಿಯೋಗಳಲ್ಲಿ ಜನ ನಿಂತುಕೊಳ್ಳುವ ಜಾಗದ ಹಿಂದೆ ತೂಗುಹಾಕುವ ಚಿತ್ರದ ಪರದೆಗಳನ್ನು ಅವರು ಬರೆಯುತ್ತಿದ್ದರು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಮದುಮಕ್ಕಳ ಬೆನ್ನ ಹಿಂದೆ, ನಾಮಕರಣದ ಕೂಸಿನ ತೊಟ್ಟಿಲ ಹಿಂದೆ ಅವರ ಆಕಾಶವಿತ್ತು. ಕಂಪ್ಯೂಟರ್ ಬಂದ ಮೇಲೆ ಪರದೆ ಕೇಳುವವರು ಇಲ್ಲದೆ ಗೇಟು, ಬೋರ್ಡು ಬಳಿಯುತ್ತಿದ್ದರು.

ಸುದ್ದಿ ತಿಳಿದು ತುಮಕೂರಿನಿಂದ ಬಸ್ಸಿನಲ್ಲಿ ಬಂದಿದ್ದ ಸ್ಟುಡಿಯೋ ಮಾಲೀಕ ಪುಟ್ಟರಂಗಯ್ಯ ಬಾಗಿಲ ಬಳಿ ನಿಂತು ಈ ಮಾತು ಕೇಳಿಸಿಕೊಂಡರು. "ಆ ಪರದೆನಾ? ನಾನು ಎಷ್ಟು ಸಲ ಕೇಳಿಲ್ಲ ಅದನ್ನ. ಕೇಳ್ದಾಗೆಲ್ಲ 'ಇನ್ನೂ ಮುಗ್ದಿಲ್ಲ ಸ್ವಾಮಿ' ಅನ್ನೋನು. ನನ್ನ ತಲೆ ಬೆಳ್ಳಗಾಯ್ತು, ಇವನ ಪರದೆ ಮುಗೀಲಿಲ್ಲ. ಬಡ್ಡೀಮಗ" ಎಂದರು. ಹೇಳಿಬಿಟ್ಟ ಮೇಲೆ ಒಳಗೆ ಮಲಗಿದ್ದವರ ಕಡೆ ನೋಡಿ, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು.

ಬಾಸಿತ್ ಸಾಹೇಬರು ಒಂದು ಮಾತು ಕೇಳಬೇಕಾಗಿತ್ತು. ಜೀವವಿರುವುದರ ರೂಪ ಬರೆದವನನ್ನು ಕೊನೆಯ ದಿನ ಎದುರು ನಿಲ್ಲಿಸಿ, ಇದಕ್ಕೆ ಜೀವವನ್ನೂ ತುಂಬು ಎಂದು ಕೇಳಲಾಗುತ್ತದೆ ಎಂದು ಅವರೆಲ್ಲ ಚಿಕ್ಕಂದಿನಿಂದ ಕೇಳಿದವರು. "ಅದ್ರಲ್ಲಿ ಮನುಷ್ಯ, ದನ, ಹಕ್ಕಿ, ಅಂಥದ್ದೇನಾದ್ರೂ ಬರ್ದಿದಾನೇನಮ್ಮ?"

"ಇಲ್ಲ" ಎಂದಳು ಮೆಹರ್ ಬಾನು, ಬಾಗಿಲ ಮರೆಯಿಂದ. "ಅವ್ರ ಕೈಯಿಂದ ಒಂದು ಕಾಗೆ ಕೂಡ ಬಂದಿಲ್ಲ. ಯಾರು ಕೇಳಿದ್ರೂ ನಾನು ಹೇಳ್ತೀನಿ."

"ನೀನು ಹೇಳಿದ್ರೆ ಆಯ್ತು. ಹೆಂಡತಿಗಿಂತ ಹತ್ತಿರದಿಂದ ನೋಡ್ದೋರು ಯಾರು. ನಾಳೆ ಅವನ ಪರವಾಗಿ ಅದೇ ಸಾಕ್ಷಿ."

ಸುರುಳಿ ಬಿಚ್ಚಿದಾಗ ಅಂಗಳದಲ್ಲಿದ್ದವರು ಹತ್ತಿರ ಬಂದರು. ಅರ್ಧಕ್ಕಿಂತ ಹೆಚ್ಚು ಭಾಗ ಬರಿಯ ಆಕಾಶ. ಕೆಳಗೆ ಅಲೆಯಿಲ್ಲದ ನೀರು, ಒಂದು ಬದಿಯಲ್ಲಿ ಬಾಗಿ ಹೋಗುವ ಏರಿ, ಆಚೆ ದಡದಲ್ಲಿ ಮಸಿಯ ಗೀಟಿನಂಥ ಮರಗಳು. ಸೂರ್ಯ ಎಲ್ಲಿಯೂ ಇರಲಿಲ್ಲ. ಆದರೂ ಬಟ್ಟೆಯ ಒಳಗಿನಿಂದ ಬಂದಂತೆ ಮಬ್ಬು ಹೊಂಬಣ್ಣ ಎಲ್ಲ ಕಡೆ ಹರಡಿಕೊಂಡಿತ್ತು.

"ಇದು ನಮ್ಮ ಕುಣಿಗಲ್ ಕೆರೆ ಅಲ್ವಾ?" ಎಂದರು ಯಾರೋ.

"ಕೆರೆ ಕುಣಿಗಲ್‌ದು. ಬೆಳಕು ಅಮೆರಿಕಾದ್ದು" ಎಂದರು ಪುಟ್ಟರಂಗಯ್ಯ.

ತೌಹೀದ್ ಬಣ್ಣದ ಮಗ್ಗುಲನ್ನು ರಸ್ತೆಯ ಕಡೆಗೆ ತಿರುಗಿಸಿದ. "ಪುಡಿಬಣ್ಣ ಇದು. ಒಳಗಡೆ ಮಾಡಿ ಕಟ್ಟಿದ್ರೆ ನೀರು ಸಿಡಿದು ಹಾಳಾಗುತ್ತೆ."

"ಒಳಗಡೆಗೇ ಕಟ್ಟಪ್ಪ" ಎಂದಳು ಮೆಹರ್ ಬಾನು. "ಬೀದಿಯೋರು ನೋಡೋದು ಬೇಡ. ಅವ್ರ ಕಡೆಗಿರ್ಲಿ."

"ಬಣ್ಣ ಹೋಗುತ್ತೆ ಚಾಚಿ."

"ಹೋಗ್ಲಿ."

*

ಅಮೆರಿಕದ ಚಿತ್ರಗಳಿದ್ದ ಆ ಪುಸ್ತಕ ಪಾಷಾರಿಗೆ ಸಿಕ್ಕಿದ್ದು ತುಮಕೂರಿನ ಒಂದು ರದ್ದಿ ಅಂಗಡಿಯಲ್ಲಿ. ತೊಂಬತ್ತೊಂದನೆಯ ಇಸವಿ ಇರಬೇಕು. ರಟ್ಟು ಕಿತ್ತುಹೋಗಿತ್ತು, ಮೊದಲ ಹಾಳೆಗಳಿರಲಿಲ್ಲ. ಪಾಷಾ ಅದನ್ನು ಟವಲಿನಲ್ಲಿ ಸುತ್ತಿ ಮನೆಗೆ ತಂದರು. ಜೊತೆಗೆ ಬಂದಿದ್ದ ಪುಟ್ಟರಂಗಯ್ಯ ಜಗಲಿಯ ಮೇಲೆ ಕುಳಿತು, ಚಿತ್ರಗಳ ಅಡಿಯಲ್ಲಿದ್ದ ಇಂಗ್ಲಿಷನ್ನು ತಿಳಿದಷ್ಟು ಓದಿ ಹೇಳಿದರು. ಅವು ಅಮೆರಿಕದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ನಾಡಿನ ಬೆಟ್ಟ, ಹೊಳೆ, ಸಮುದ್ರದ ದಡಗಳನ್ನು ನೋಡಿ ಬರೆದ ಚಿತ್ರಗಳು.

ಮೆಹರ್ ಬಾನು ಚಹಾ ಕೊಡಲು ಬಂದವಳು ನಿಂತು ನೋಡಿದಳು. ಒಂದರಲ್ಲಿ ಅಲುಗದ ನೀರಿನ ಮೇಲೆ ಹಾಯಿ ಸಡಿಲಿಸಿ ನಿಂತ ದೋಣಿ. ಇನ್ನೊಂದರಲ್ಲಿ ಬಿರುಮಳೆಗೆ ಮುಂಚಿನ ಕಪ್ಪು ನೀರು. ದಡದ ಮರಳು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಮತ್ತೊಂದರಲ್ಲಿ ಕಣಿವೆಯ ತುಂಬ ಮಂಜು, ಮಂಜಿನ ತುಂಬ ಸಂಜೆ.

"ಬ್ರಷ್ ಓಡಿದ ಗುರುತೇ ಇಲ್ಲ ನೋಡಿ" ಎಂದರು ಪಾಷಾ, ಹಾಳೆಯ ಮೇಲೆ ಬೆರಳಿಡದೆ ಗಾಳಿಯಲ್ಲೇ ಸವರುತ್ತ. "ಯಾರೋ ಕೂತು ಬರ್ದಿದಾರೆ ಅಂತ ಅನ್ಸೋದೇ ಇಲ್ಲ. ಬೆಳಕು ಎಲ್ಲಿಂದ ಬರ್ತಿದೆ ಹೇಳಿ?"

"ಆಕಾಶದಿಂದ ಕಣಯ್ಯ. ಇನ್ನೆಲ್ಲಿಂದ."

"ಆಕಾಶದಿಂದ ಅಲ್ಲ. ನೀರಲ್ಲೂ ಅಷ್ಟೇ ಇದೆ, ಕಲ್ಲಲ್ಲೂ ಅಷ್ಟೇ ಇದೆ. ದುವಾ ಮುಗ್ಸಿ ಕೈ ಇಳಿಸ್ತೀವಲ್ಲ, ಆಗ ಒಂದು ಗಳಿಗೆ ಎಲ್ಲ ಸುಮ್ನಿರುತ್ತೆ. ಹಾಗಿದೆ ಇದು."

ಪುಟ್ಟರಂಗಯ್ಯ ಚಹಾ ಊದಿ ಕುಡಿದರು. ಪಾಷಾರ ಕಣ್ಣು ಒಂದು ಚಿತ್ರದ ಮೂಲೆಯಲ್ಲಿ ನಿಂತಿತ್ತು. ಅಲ್ಲಿ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕುಳಿತ, ಅಕ್ಕಿಕಾಳಿನಷ್ಟು ಚಿಕ್ಕ ಮನುಷ್ಯನೊಬ್ಬನಿದ್ದ. ಹುಡುಕಿದರೆ ಬಹಳ ಚಿತ್ರಗಳಲ್ಲಿ ಅಂಥವನೊಬ್ಬ ಇದ್ದ.

"ಇವ್ನನ್ನ ಯಾಕೆ ಹಾಕ್ತಾರೆ ಸ್ವಾಮಿ, ಇಷ್ಟು ಚಿಕ್ಕದಾಗಿ?"

"ಬೆಟ್ಟ ಎಷ್ಟು ದೊಡ್ಡದು ಅಂತ ಗೊತ್ತಾಗ್ಲಿ ಅಂತ."

"ಅದಲ್ಲ" ಎಂದರು ಪಾಷಾ. "ಇವ್ನು ಇಲ್ದಿದ್ರೆ ಆ ಬೆಳಕು ಯಾರಿಗೆ?"

ಮೆಹರ್ ಬಾನುವಿಗೆ ನಗು ಬಂತು. "ನಿಮ್ಮ ಪರದೆಯಲ್ಲಿ ಅಷ್ಟು ಚಿಕ್ಕೋನೂ ಇಲ್ವಲ್ಲ. ಒಂದು ನರಪಿಳ್ಳೆ ಇಲ್ಲ. ಜನ ಬಿಟ್ಟು ಹೋದ ಊರಿದ್ದ ಹಾಗಿರುತ್ತೆ."

"ಜನ ಬಂದು ಮುಂದೆ ನಿಂತ್ಕೋತಾರಲ್ಲ ಬಾನು. ಆ ಜಾಗ ಅವರ್ದು. ನಾನ್ಯಾಕೆ ತುಂಬ್ಲಿ."

ಅಂದಿನಿಂದ ಅವರ ಕೆಲಸದ ರೀತಿ ಬದಲಾಯಿತು. ಆಕೆಯ ಹಳೆಯ ನೂಲಿನ ಸೀರೆಗಳನ್ನು ಹರಿದುಕೊಂಡು, ಅಂಟಿನ ನೀರಿನಲ್ಲಿ ಕಲಸಿದ ಪುಡಿಬಣ್ಣವನ್ನು ಬ್ರಷ್ಷಿನಿಂದ ಹಚ್ಚಿ, ಕೂಡಲೇ ಒದ್ದೆ ಬಟ್ಟೆಯಿಂದ ಉಜ್ಜುವರು. ಕೈ ಆಡಿದ ಗುರುತು ಪೂರ್ತಿ ಹೋಗುವವರೆಗೆ ಉಜ್ಜುವರು. ಆಗ ಜೊತೆಗೆ ಕೆಲಸ ಕಲಿಯುತ್ತಿದ್ದ ತೌಹೀದ್ ಒಮ್ಮೆ ಬೋರ್ಡಿನ ಎಣ್ಣೆಬಣ್ಣದ ಮೇಲೆ ಪುಡಿಬಣ್ಣ ಬಳಿದಿದ್ದಕ್ಕೆ ಅವರು ಗದರಿದ್ದು ಆಕೆಯ ಕಿವಿಯಲ್ಲಿ ಉಳಿದಿತ್ತು. "ಎಣ್ಣೆ ಮೇಲೆ ಇದು ಹಿಡಿಯುತ್ತೇನೋ? ಒಂದು ಚೆಂಬು ನೀರು ಬಿದ್ರೆ ಬಿಟ್ಕೊಂಡು ಬರುತ್ತೆ. ಮುಚ್ಚಿದೀನಿ ಅಂದ್ಕೊಂಡಿರ್ತೀಯ, ಎಲ್ಲ ಹಾಗೇ ಇರುತ್ತೆ."

*

ಪರದೆಯ ಆಚೆ ನೀರು ಬೀಳುವ ಸದ್ದು ನಿಂತಿತು. ಮೆಹರ್ ಬಾನು ಕಿಟಕಿಯ ಬಳಿ ಕುಳಿತಿದ್ದಳು. ಬಾಸಿತ್ ಸಾಹೇಬರು ತಗ್ಗಿದ ದನಿಯಲ್ಲಿ ಹೇಳುವುದು ಕೇಳುತ್ತಿತ್ತು: "ಮೆಲ್ಲಗೆ. ಮಲಗಿರೋ ಮಗು ಎತ್ಕೊಂಡ ಹಾಗೆ. ಬಲಗಡೆ ಮೊದ್ಲು." ಮತ್ತೆ ನೀರು. ಮತ್ತೆ ಅವರ ದನಿ: "ಉಗುರಲ್ಲಿರೋ ಬಣ್ಣ ಹೋಗ್ತಿಲ್ಲ ಕಣಪ್ಪ. ಬುಡು, ಇರ್ಲಿ. ಅದು ಅವನ ದುಡಿಮೆ."

ಬಿಳಿಯ ಬಟ್ಟೆ ಸುತ್ತಿ, ಕರ್ಪೂರ ಇಟ್ಟು, ಮುಖ ನೋಡಲು ಕರೆದರು. ಆಕೆ ಹತ್ತಿರ ಹೋಗಿ ನಿಂತಳು. ಸದಾ ಎಲ್ಲಿಯೋ ನೋಡುತ್ತಿದ್ದ ಕಣ್ಣುಗಳು ಮುಚ್ಚಿದ್ದವು. "ಕೊಡ್ದೆ ಉಳ್ಸಿದ್ದು, ಆಡಿದ್ದು, ಎಲ್ಲ ಮಾಫ್ ಮಾಡ್ದೆ ಅಂತ ಹೇಳಮ್ಮ" ಎಂದು ಮುದುಕಿಯೊಬ್ಬಳು ಬೆನ್ನು ಸವರಿದಳು. "ಮಾಫ್ ಮಾಡಿದೀನಿ" ಎಂದಳು ಮೆಹರ್ ಬಾನು. ಹೇಳುವಾಗ ಆಕೆಗೆ ನೆನಪಾದದ್ದು ಒಂದೇ ಒಂದು ಸಂಜೆ.

ಗಂಡಸರು ಜನಾಜಾ ಎತ್ತಿಕೊಂಡರು. ಪುಟ್ಟರಂಗಯ್ಯನವರೂ ಒಂದು ಕಡೆ ಹೆಗಲು ಕೊಟ್ಟರು. ಹೊರಡುವ ಮುಂಚೆ ಅವರು ಕಿಟಕಿಯ ಬಳಿ ಬಂದು, "ತಾಯಿ, ಬಂದ ಮೇಲೆ ಆ ಪರದೆ ನಾನು ತಗೊಂಡು ಹೋಗ್ಲಾ? ಸ್ಟುಡಿಯೋದಲ್ಲಿ ಕಟ್ತೀನಿ. ಮುಗ್ದಿಲ್ಲದಿದ್ರೂ ಪರವಾಗಿಲ್ಲ" ಎಂದಿದ್ದರು. ಆಕೆ ಆಗಲೆಂದು ತಲೆಯಾಡಿಸಿದ್ದಳು.

ಕಲಿಮಾದ ದನಿ ರೈಲು ಗೇಟು ದಾಟಿ ಸಣ್ಣದಾಗುತ್ತ ಹೋಯಿತು.

*

ಅದೇ ತೊಂಬತ್ತೊಂದರ ಚಳಿಗಾಲದಲ್ಲಿ ಕುಣಿಗಲ್ಲಿನ ನೆಂಟರ ಮದುವೆಗೆ ಹೋಗಿದ್ದರು. ಊಟ ಮುಗಿಸಿ ಹೊರಟಾಗ ತುಮಕೂರಿನ ಬಸ್ಸು ತಪ್ಪಿತು. ಮುಂದಿನ ಬಸ್ಸು ಬರುವವರೆಗೆ ಕೆರೆ ನೋಡೋಣವೆಂದು ಪಾಷಾ ಏರಿಯ ಕಡೆ ನಡೆದರು. ದಾರಿಯಲ್ಲಿ ಆಕೆಯ ಚಪ್ಪಲಿಯ ಉಂಗುಟ ಕಿತ್ತುಹೋಯಿತು.

"ಇಲ್ಲೇ ಕೂತಿರು, ಬಂದೆ" ಎಂದು ಅವರು ಏರಿಯ ಮೇಲೆ ಮುಂದೆ ಹೋದರು.

ಆಕೆ ಕಿತ್ತ ಚಪ್ಪಲಿಯನ್ನು ಪಕ್ಕದಲ್ಲಿಟ್ಟುಕೊಂಡು, ಮೊಣಕಾಲು ತಬ್ಬಿ, ಕಲ್ಲಿನ ಮೇಲೆ ಕುಳಿತಳು. ಅವರ ಬೆನ್ನು ಚಿಕ್ಕದಾಗುತ್ತ ಏರಿ ಬಾಗುವ ಕಡೆ ಮರೆಯಾಯಿತು. ನೀರು ಹೊಂಬಣ್ಣವಾಯಿತು, ಆಮೇಲೆ ತಾಮ್ರದ ಬಣ್ಣ, ಆಮೇಲೆ ಬೂದಿ. ದನ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು, "ಯಾಕವ್ವ, ಒಬ್ಳೇ ಕುಂತಿದೀಯ? ಯಜಮಾನ್ರು ಬುಟ್ಟು ಹೋದ್ರಾ?" ಎಂದು ನಕ್ಕು ಹೋದಳು. ಆಕೆಗೆ ನಗು ಬರಲಿಲ್ಲ.

ಅವರು ತಿರುಗಿ ಬಂದಾಗ ಮುಖ ಕಾಣದಷ್ಟು ಮಬ್ಬಾಗಿತ್ತು. "ನೋಡಿದ್ಯಾ ಬಾನು?" ಎಂದರು.

"ಏನನ್ನ?"

"ಬೆಳಕನ್ನ."

"ನಾನು ನೀವು ಹೋದ ದಾರಿ ನೋಡ್ತಾ ಕೂತಿದ್ದೆ" ಎಂದಳು.

ಮಾರನೆಯ ವಾರ ಅವರು ದೊಡ್ಡ ಬಟ್ಟೆ ಕಟ್ಟಿ ಆ ಕೆರೆಯನ್ನು ಬರೆಯತೊಡಗಿದರು. ಅದನ್ನು ಯಾರಿಗೂ ಕೊಡಲಿಲ್ಲ. ಆಗಾಗ ಬಿಚ್ಚಿ, ನೋಡಿ, ಮತ್ತೆ ಸುತ್ತಿಡುವರು. ಬಿಡುವು ಸಿಕ್ಕ ಸಂಜೆಗಳಲ್ಲಿ ಒಬ್ಬರೇ ಬಸ್ಸು ಹತ್ತಿ ಕೆರೆಗೆ ಹೋಗುವರು. ಅವರು ಕೆಟ್ಟವರಲ್ಲ; ಆಕೆಯನ್ನು ಎಂದೂ ಗದರಿದವರಲ್ಲ, ಕೈಯೆತ್ತಿದವರಲ್ಲ. ಆದರೆ ಬೆಳಕಿನ ಮುಂದೆ ನಿಂತಾಗ ಪಕ್ಕದಲ್ಲಿ ಒಂದು ಜೀವ ಇದೆಯೆಂಬುದು ಅವರಿಗೆ ಮರೆತುಹೋಗುತ್ತದೆ ಎಂದು ಆಕೆ ಅಂದು ತಿಳಿದುಕೊಂಡಳು. ಹಾಗೆಂದು ತಿಳಿದೇ ಇಷ್ಟು ವರ್ಷ ಅನ್ನ ಬಡಿಸಿದಳು.

*

ಒಳಗೆ ಹೆಂಗಸರು ಕುರಾನ್ ಓದುತ್ತಿದ್ದರು. ಮೆಹರ್ ಬಾನು ಅಂಗಳಕ್ಕೆ ಬಂದಳು. ಅವರ ಮೈ ತೊಳೆದ ಜಾಗವನ್ನು ಒಮ್ಮೆ ನೋಡಬೇಕೆನಿಸಿತ್ತು. ಹಲಗೆ ಒಣಗುತ್ತಿತ್ತು. ನೆಲದಲ್ಲಿ ಬೋರೆ ಎಲೆಗಳು ಅಂಟಿಕೊಂಡಿದ್ದವು. ಪರದೆಯ ಕೆಳಭಾಗ ತೊಯ್ದು, ಬಣ್ಣ ಇಳಿದು, ಬುಡದ ಮಡಿಕೆಯಲ್ಲಿ ಸಂಜೆಯ ಬಣ್ಣದ ಕೆಸರು ನಿಂತಿತ್ತು.

ಮೊದಲು ಆಕೆಗೆ ಕಂಡದ್ದು ಚಪ್ಪಲಿ.

ಬೆಳಿಗ್ಗೆ ಬರಿಯ ನೀರಿದ್ದ ಕಡೆ, ಏರಿಯ ಬುಡದಲ್ಲಿ, ಒಂದು ಕಲ್ಲು ಮೇಲೆದ್ದಿತ್ತು. ಕಲ್ಲಿನ ಮೇಲೆ ಉಂಗುಟ ಕಿತ್ತ ಒಂದು ಚಪ್ಪಲಿ. ಅದರ ಪಕ್ಕದಲ್ಲಿ ಮೊಣಕಾಲು ತಬ್ಬಿ ಕುಳಿತ ಹೆಂಗಸು, ಬೆರಳಿನಷ್ಟು ಎತ್ತರ. ತಲೆಯ ಮೇಲೆ ಕಂದು ಸೆರಗು. ಒಂದು ಕಾಲು ಬರಿಗಾಲು. ಮುಖವಿರಲಿಲ್ಲ. ಆದರೆ ಇಡೀ ಆಕಾಶದ ಬೆಳಕು ಇಳಿದು ಬಂದು ಆ ತಗ್ಗಿದ ಬೆನ್ನಿನ ಮೇಲೆ ನಿಂತಿತ್ತು. ಆಕೆ ಬೆರಳಿನಿಂದ ಮುಟ್ಟಿದಳು. ನುಣ್ಣಗೆ, ಗಟ್ಟಿಯಾಗಿತ್ತು. ಎಣ್ಣೆಬಣ್ಣ.

ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದಳು. ಆ ಕಲ್ಲನ್ನು ಹೀಗೆ ಕಾಣಬೇಕಾದರೆ ಏರಿಯ ಆ ತುದಿಗೆ, ಅದು ಬಾಗುವ ಕಡೆಗೆ ಹೋಗಿ, ತಾನು ಕುಳಿತಿದ್ದ ಕಡೆಗೆ ತಿರುಗಿ ನಿಂತಿರಬೇಕು. ಬಹಳ ಹೊತ್ತು ನಿಂತಿರಬೇಕು.

ಯಾವಾಗ ಬರೆದರೋ, ಯಾವಾಗ ಹೆದರಿದರೋ. ಹೆದರಿ ಮೇಲೆ ನೀರಿನ ಬಣ್ಣ ಉಜ್ಜಿ ಮುಚ್ಚಿದ್ದರು, ಕೈಯ ಗುರುತು ಉಳಿಯದ ಹಾಗೆ. ಮುಚ್ಚಿದ್ದು ಪುಡಿಬಣ್ಣದಿಂದ. ಎಣ್ಣೆಯ ಮೇಲೆ ಅದು ಹಿಡಿಯದೆಂದು ಅವರಿಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ.

"ಚಾಚಿ" ಎಂದು ತೌಹೀದನ ಹೆಂಡತಿ ಅರ್ಜೂ ಬಾಗಿಲಿನಿಂದ ಕರೆದಳು. "ಅಲ್ಲೇನು ಮಾಡ್ತಿದೀರ? ಮಣ್ಣು ಕೊಟ್ಟು ಹೊರಟ್ರಂತೆ. ಬಾಸಿತ್ ಸಾಹೇಬ್ರೂ ಬರ್ತಿದಾರೆ, ಹಲಗೆ, ಪರದೆ ಬಿಚ್ಚೋಕೆ."

"ನೀನು ಒಳಗಿರು. ಬಂದೆ."

ಬೆಳಿಗ್ಗೆ ತಾನೇ ಹೇಳಿದ ಸಾಕ್ಷಿ ಆಕೆಗೆ ನೆನಪಾಯಿತು. ಅವರು ಈಗಷ್ಟೇ ಮಣ್ಣಿನೊಳಗೆ ಒಬ್ಬರೇ ಮಲಗಿದ್ದಾರೆ. ದೇವದೂತರು ಬಂದು ಮೊದಲ ಪ್ರಶ್ನೆಗಳನ್ನು ಕೇಳುವ ಹೊತ್ತು ಇದೇ. ಆಕೆ ಇನ್ನೊಮ್ಮೆ ಆ ಪುಟ್ಟ ಹೆಂಗಸನ್ನು ನೋಡಿದಳು. ಎಷ್ಟು ನೋಡಿದರೂ ಸಾಲದೆನಿಸಿತು. ಹಾಗೆಯೇ ಬಿಟ್ಟರೆ ತಾನು ಅಲ್ಲಿ ಇದ್ದುದನ್ನು ಊರೆಲ್ಲ ನೋಡುತ್ತದೆ. ಪುಟ್ಟರಂಗಯ್ಯನವರ ಸ್ಟುಡಿಯೋದಲ್ಲಿ ಬಂದವರೆಲ್ಲ ನೋಡುತ್ತಾರೆ.

ಆಕೆ ಒಳಗೆ ಹೋಗಿ ಮಂಚದ ಕೆಳಗಿನಿಂದ ಅವರ ಉಜ್ಜುವ ಬಟ್ಟೆಯನ್ನು ತಂದಳು. ತನ್ನದೇ ಹಳೆಯ ಸೀರೆಯ ತುಂಡು. ಹಂಡೆಯಲ್ಲಿ ಉಳಿದ ನೀರಿನಲ್ಲಿ ಅದ್ದಿ ಹಿಂಡಿ, ಪರದೆಯ ಬುಡದಲ್ಲಿ ನಿಂತಿದ್ದ ಬಣ್ಣವನ್ನು ಬಟ್ಟೆಗೆ ಬಳಿದುಕೊಂಡಳು. ಮೊದಲು ಬರಿಗಾಲು ಮುಚ್ಚಿತು. ಆಮೇಲೆ ಮೊಣಕಾಲು, ತಬ್ಬಿದ ಕೈಗಳು, ಬೆಳಕು ಬಿದ್ದ ಬೆನ್ನು. ಕೊನೆಗೆ ಸೆರಗು. ಸುತ್ತಲಿನ ನೀರನ್ನು ಎಳೆದು ತಂದು ಉಜ್ಜಿದಳು. ಅವರು ಮಾಡುತ್ತಿದ್ದಂತೆಯೇ, ಕೈಯ ಗುರುತು ಕಾಣದಾಗುವವರೆಗೆ ಉಜ್ಜಿದಳು. ಚಪ್ಪಲಿಯ ಬಳಿ ಬಂದಾಗ ಬಟ್ಟೆ ತಾನಾಗಿ ನಿಂತಿತು.

ಗೇಟಿನ ಬಳಿ ಗಂಡಸರ ಮಾತು ಕೇಳಿಸಿತು. ಆಕೆ ಎದ್ದು ಬಾಗಿಲ ಮರೆಗೆ ಬಂದಳು.

ಬಾಸಿತ್ ಸಾಹೇಬರು ಹಗ್ಗ ಬಿಚ್ಚಲು ಬಗ್ಗಿದವರು ಹಾಗೆಯೇ ನಿಂತರು. "ಇದೇನಮ್ಮ ಇಲ್ಲಿ, ಕಲ್ಲಿನ ಮೇಲೆ?"

"ಚಪ್ಪಲಿ."

"ಬೆಳಿಗ್ಗೆ ಕಾಣ್ಲಿಲ್ಲ."

"ನೀರು ಬಿತ್ತಲ್ಲ" ಎಂದಳು. ಆಮೇಲೆ ಕೇಳಿದಳು: "ಚಪ್ಪಲಿಗೆ ಜೀವ ಇಲ್ಲ ಅಲ್ವಾ ಸಾಹೇಬ್ರೆ?"

"ಇಲ್ಲಮ್ಮ. ಚಪ್ಪಲಿಗೆ ಎಲ್ಲಿಯ ಜೀವ."

ಪುಟ್ಟರಂಗಯ್ಯ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಲ್ಲು, ಚಪ್ಪಲಿ, ಅದರ ಪಕ್ಕದಲ್ಲಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿದ್ದ ಅಂಗೈಯಗಲದ ನೀರು. ಬಹಳ ಹೊತ್ತು ನೋಡಿದರು. ಬಾಗಿಲ ಕಡೆ ತಿರುಗಲಿಲ್ಲ. "ಪರದೆ ನಾನು ಒಯ್ಯಲ್ಲ ತಾಯಿ" ಎಂದರು. "ಮುಗ್ದಿದೆ ಇದು. ನಿಮ್ಮ ಹತ್ರಾನೇ ಇರ್ಲಿ."

ಎಲ್ಲರೂ ಕೈಯೆತ್ತಿ ನಿಂತರು. ಬಾಸಿತ್ ಸಾಹೇಬರ ದನಿ ದಣಿದಿತ್ತು. "ಯಾ ಅಲ್ಲಾಹ್, ನಿನ್ನ ಈ ದಾಸನ ತಪ್ಪುಗಳನ್ನು ಮನ್ನಿಸು. ಇವನ ಗೋರಿಯನ್ನು ಅಗಲ ಮಾಡು. ಅದರೊಳಗೆ ಬೆಳಕನ್ನು ತುಂಬು."

"ಆಮೀನ್" ಎಂದರು ಗಂಡಸರು.

ಬಾಗಿಲ ಹಿಂದೆ ಮೆಹರ್ ಬಾನುವಿನ ಎತ್ತಿದ ಅಂಗೈಗಳೆರಡೂ ಸಂಜೆಯ ಬಣ್ಣವಾಗಿದ್ದವು. ಎಲ್ಲರೂ ಕೈಯಿಳಿಸಿದ ಮೇಲೂ ಆಕೆ ಇಳಿಸಲಿಲ್ಲ. ಸೂರ್ಯ ಕಾಣದಿದ್ದರೂ ಸರಿ, ಎಲ್ಲ ಕಡೆಯಿಂದ ಬರುವ ಆ ಬೆಳಕನ್ನೇ ಅವರಿಗೆ ಕೊಡು ದೇವರೇ. ಬರೆದದ್ದಕ್ಕೆ ಏನಾದರೂ ಕೇಳುವುದಿದ್ದರೆ, ಅಲ್ಲಿ ಕುಳಿತಿದ್ದವಳು ನಾನು, ನನ್ನನ್ನು ಕೇಳು. ನಾನು ಬರುವವರೆಗೆ ಅವರು ಒಂಟಿಯಾಗದಿರಲಿ. ಅವರಿಗೆ ಶಾಂತಿ ಕೊಡು. ಆಮೀನ್.